ಕಾಲೆತ್ತಿ ಜಗಳವಾಡುವ ಕಪ್ಪೆ

ಕೊಟ್ಟಿಗೆಹಾರ ಎಂದರೆ ನೀರ್ ದೋಸೆ ಎಂದಷ್ಟೇ ತಿಳಿದಿದ್ದ, ಯಾದಗಿರಿ ಕಡೆಯ ಕಡೇಚೂರಿನವನಾದ ನನಗೆ, ಆ ಊರಿನ ಹೆಸರು ಹೊತ್ತ ಕಪ್ಪೆಯೂ ಇದೆ ಎಂದು ಗೊತ್ತಾದದ್ದು ಕಳೆದ ಅಕ್ಟೋಬರಿನಲ್ಲಿ. ಮಳೆ ಇಳಿದಿತ್ತು, ಹಳ್ಳದ ಸದ್ದು ಇಳಿದಿರಲಿಲ್ಲ. ಕಾಫಿ ತೋಟದ ಗೆಳೆಯರು ಒದ್ದೆ ಬಂಡೆಯೊಂದನ್ನು ತೋರಿಸಿ, "ಸುಮ್ನೆ ಕೂತ್ಕೊಳ್ಳಿ ಮಾರಾಯ್ರೆ, ಅದೇ ಕಾಲು ತೋರಿಸ್ತದೆ" ಎಂದರು.

ಹೆಬ್ಬೆರಳ ಗೆಣ್ಣಿನಷ್ಟು ಕಂದು ಗಂಡು. ಗಂಟಲ ಬಿಳಿ ಚೀಲ ಉಬ್ಬಿಸಿ ಟಿಕ್ ಟಿಕ್ ಎಂದಿತು. ಹಿಂಗಾಲನ್ನು ಎತ್ತಿ ಎತ್ತಿ ಇಟ್ಟಿತು. ಎದುರಿನ ಕಲ್ಲಿಗೆ ಇನ್ನೊಂದು ಗಂಡು ಬಂದದ್ದೇ ತಡ, ಬೆರಳ ನಡುವಿನ ಪೊರೆ ಬಿಚ್ಚಿಕೊಳ್ಳುವಂತೆ ಕಾಲನ್ನು ಪೂರ್ತಿ ಚಾಚಿ, ಗಾಳಿಯಲ್ಲಿ ಬೀಸಿ, ಒಳಗೆಳೆದುಕೊಂಡಿತು. ಅದಕ್ಕೆ ಆ ಕಡೆಯಿಂದಲೂ ಕಾಲೇ ಉತ್ತರ. ಇದನ್ನು 'ನರ್ತಿಸುವ ಕಪ್ಪೆ' ಎಂದು ಕರೆಯುತ್ತಾರೆ. ನನಗೆ ಕಂಡದ್ದು ಹೊಲದ ಬದುವಿನ ಜಗಳ.

ನಮ್ಮ ಯಾದಗಿರಿ ಕಡೆ, ಮಳೆ ಕೈಕೊಟ್ಟರೆ ಕಪ್ಪೆಗೆ ಮದುವೆ ಮಾಡುವ ನಾಡಿನಲ್ಲಿ, ಮೊದಲ ದೊಡ್ಡ ಮಳೆಗೆ ಹಳದಿಗಟ್ಟಿದ ಗಂಡುಗಪ್ಪೆಗಳು ಹೊಂಡದಲ್ಲಿ ಕೂತು ಊರಿಗೆಲ್ಲ ಕೇಳುವಂತೆ ಒದರುತ್ತವೆ. ಮಲೆನಾಡಿನ ಹಳ್ಳದ ಭೋರ್ಗರೆತದಲ್ಲಿ ಗಂಟಲೊಂದನ್ನೇ ನಂಬಿದರೆ ಸಾಲದು. ವಿಯೆನ್ನಾದ ಸಂಶೋಧಕಿ ಡೋರಿಸ್ ಪ್ರೈನಿಂಗರ್ ಮತ್ತು ಸಂಗಡಿಗರು ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಅಭ್ಯಸಿಸಿ 2013ರಲ್ಲಿ ಬರೆದದ್ದೂ ಹೆಚ್ಚುಕಡಿಮೆ ಇದನ್ನೇ: ಕೂಗು ಗಮನ ಸೆಳೆಯಲು, ಕಾಲು ಎದುರಾಳಿಯನ್ನು ದೂರವಿಡಲು.

ಆ ಪ್ರಬಂಧದಲ್ಲಿ ಕಪ್ಪೆಯ ಹೆಸರು ಮೈಕ್ರಿಕ್ಸಾಲಸ್ ಸ್ಯಾಕ್ಸಿಕೋಲಾ. ಮರುವರ್ಷವೇ ಕಪ್ಪೆ ಸಂಶೋಧಕರಾದ ಎಸ್.ಡಿ. ಬಿಜು, ಕೆ.ವಿ. ಗುರುರಾಜ ಮತ್ತಿತರರು ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಈ ಕುಲವನ್ನು ಪರಿಷ್ಕರಿಸಿದರು. 14 ಹೊಸ ಪ್ರಭೇದಗಳು ಸೇರಿ ಒಟ್ಟು 24 ಆದವು. ಮಧ್ಯ ಮಲೆನಾಡಿನ ಈ ಕಪ್ಪೆ ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್ ಎಂದು ಗಟ್ಟಿಯಾಯಿತು.

ಹೆಸರೇನೂ ಹೊಸದಲ್ಲ. 1937ರಲ್ಲೇ ಇಟ್ಟವರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣ ರಾವ್, 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು. ಆದರೆ ಅವರು ಇದನ್ನು ಸೇರಿಸಿದ್ದು ಪೊದೆಗಪ್ಪೆಗಳ ಫಿಲಾಟಸ್ ಕುಲಕ್ಕೆ! ಬೆರಳ ತುದಿಯ ಬಿಲ್ಲೆಗಳು ಮರಗಪ್ಪೆಯನ್ನು ನೆನಪಿಸುವುದೇನೋ ನಿಜ. ಬಾಟಲಿಯಲ್ಲಿಟ್ಟ ಸತ್ತ ಕಪ್ಪೆ ಕಾಲೆತ್ತುವುದಿಲ್ಲವಲ್ಲ.

ಇಲ್ಲಿಂದ ಮುಂದೆ ನನ್ನ ಹುಚ್ಚು. ಬೇಡವೆಂದರೆ ಕೊನೆಯ ಪ್ಯಾರಾಕ್ಕೆ ಹಾರಿ. ರಾಯರು 1920ರಲ್ಲಿ ಕಾವೇರಿಯ ಪವಿತ್ರ ಜೌಗಿನಿಂದ ವರ್ಣಿಸಿದ ಕೊಡಗಿನ ಇರುಳಗಪ್ಪೆ, ನಿಕ್ಟಿಬ್ಯಾಟ್ರಾಕಸ್ ಸ್ಯಾಂಕ್ಟಿಪಾಲಸ್ಟ್ರಿಸ್, ಮತ್ತೆ ಸಿಕ್ಕಿದ ಸುದ್ದಿ ಬಂದದ್ದು 91 ವರ್ಷಗಳ ಬಳಿಕ, 2011ರಲ್ಲಿ. ಅವರು ಕಟ್ಟಿದ 'ರಾಮನೆಲ್ಲಾ' ಕುಲವನ್ನು ಈಗಿನ ವರ್ಗೀಕರಣ ಯುಪೆರೊಡಾನ್‌ನೊಳಗೆ ಕರಗಿಸಿಬಿಟ್ಟಿದೆ. ಅತ್ತ ರಾಯರ ಗೌರವಾರ್ಥ 2010ರಲ್ಲಿ ಹುಟ್ಟಿದ 'ರಾವೋರ್ಕೆಸ್ಟಿಸ್' ಎಂಬುದು ಪೊದೆಗಪ್ಪೆಗಳದ್ದೇ ಕುಲ. ನೀರಗಪ್ಪೆಯನ್ನು ಪೊದೆಗೆ ಹತ್ತಿಸಿದವರಿಗೆ ಇದಕ್ಕಿಂತ ತಮಾಷೆಯ ಸನ್ಮಾನ ಸಿಗಲಾರದು.

ಕೊಟ್ಟಿಗೆಹಾರದ ಕಪ್ಪೆಯ ಹೆಸರಿನ ಗೊಂದಲ ಇಷ್ಟು ಬೆಳೆಯಲು ಮುಖ್ಯ ಕಾರಣ, ರಾಯರ ಮೂಲ ಮಾದರಿಗಳು ಕಳೆದುಹೋಗಿರುವುದು. ಹೆಸರು ಯಾವ ಜೀವಿಗೆ ಸಲ್ಲಬೇಕೆಂದು ತೀರ್ಮಾನಿಸುವ ಸಾಕ್ಷಿ ಆ ಮಾದರಿಯ ಬಾಟಲಿಯೇ. ಅದಿಲ್ಲವೆಂದರೆ ಹಳೆಯ ವರ್ಣನೆ ಹಿಡಿದು, ಅದೇ ಊರಿನ ಹಳ್ಳಕ್ಕೆ ಮತ್ತೆ ಇಳಿಯಬೇಕು. ನಿಮ್ಮೂರಿನ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಕಪಾಟಿನಲ್ಲಿ ಹಳೆಯ ಬಾಟಲಿಗಳಿದ್ದರೆ, ಚೀಟಿ ಓದದೆ ದಯವಿಟ್ಟು ಎಸೆಯಬೇಡಿ.