ಎರಡು ಬಣ್ಣ, ಒಂದು ಗೋಡೆ

ಹಬ್ಬಕ್ಕೆ ಇನ್ನು ಹದಿನೈದೇ ದಿನ. ಬಣ್ಣದವನು ಏಣಿಯನ್ನು ಒಳಗೆ ತಂದಾಗಿದೆ. ನಡುಮನೆಗೆ ತಿಳಿಹಸಿರೇ ತಂಪೆಂಬುದು ಯಜಮಾನರ ತೀರ್ಮಾನ. ಗುಲಾಬಿಯೇ ಲಕ್ಷಣವೆಂಬುದು ಗೃಹಿಣಿಯ ಹಟ. ಜಗಳವೇಕೆಂದು ಬಣ್ಣದವನು ಎರಡನ್ನೂ ಗೋಡೆಯ ಮೇಲೆ ಅಕ್ಕಪಕ್ಕದಲ್ಲಿ ಅಂಗೈಯಗಲ ಬಳಿದು ತೋರಿಸುತ್ತಾನೆ. ಹಸಿರು ಪಾಚಿಯಂತೆಯೂ ಗುಲಾಬಿ ಕುಂಕುಮ ಚೆಲ್ಲಿದಂತೆಯೂ ಕಂಡು, ದಂಪತಿಗಳು ಒಬ್ಬರ ಅಭಿರುಚಿಯನ್ನು ಇನ್ನೊಬ್ಬರು ಹಳಿಯತೊಡಗುತ್ತಾರೆ. ಎಷ್ಟೋ ಮನೆಗಳಲ್ಲಿ ನಡೆಯುವ ಈ ಪ್ರಹಸನದಲ್ಲಿ ತಪ್ಪು ಇಬ್ಬರದೂ ಅಲ್ಲ. ಬಣ್ಣಗಳನ್ನು ಅಕ್ಕಪಕ್ಕದಲ್ಲಿ ಬಳಿದುದೇ ತಪ್ಪು.

ಪ್ಯಾರಿಸಿನ ಪ್ರಖ್ಯಾತ ಗೋಬ್ಲಾಂ ಕಾರ್ಖಾನೆಯಲ್ಲಿ ಗೋಡೆಗೆ ತೂಗುಹಾಕುವ ಚಿತ್ರವಸ್ತ್ರಗಳನ್ನು ನೇಯುತ್ತಿದ್ದರು. 1824ರಲ್ಲಿ ಅಲ್ಲಿನ ಬಣ್ಣಗಾರಿಕೆಯ ಮುಖ್ಯಸ್ಥನಾದ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಷೆವ್ರುಲ್‌ನ ಮುಂದೆ ಒಂದು ದೂರು ಬಂದಿತು. ನೀಲಿ, ನೇರಿಳೆ ಬಟ್ಟೆಗಳ ನೆರಳನ್ನು ಮೂಡಿಸಲು ಬಳಸಿದ ಕಪ್ಪು ನೂಲು ಮಂಕಾಗಿ ಕಾಣುತ್ತಿದೆಯೆಂದು. ಪರೀಕ್ಷಿಸಿ ನೋಡಿದರೆ ನೂಲಿನಲ್ಲಿ ಕೊರತೆಯಿರಲಿಲ್ಲ; ನೆರೆಯ ಬಣ್ಣವೇ ಕಪ್ಪನ್ನು ಕೆಡಿಸಿತ್ತು. ಅಕ್ಕಪಕ್ಕದ ಬಣ್ಣಗಳು ನೋಡುವವರ ಕಣ್ಣಿಗೆ ತಮ್ಮ ಭೇದವನ್ನು ಹಿಗ್ಗಿಸಿ ತೋರಿಸುತ್ತವೆಂಬುದನ್ನು ಆತ 1839ರ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದನು. ಹಸಿರು ಮತ್ತು ಕೆಂಪಿನ ವಿಷಯದಲ್ಲಂತೂ ಇದು ಇನ್ನೂ ಎದ್ದು ಕಾಣುತ್ತದೆ. ಒಂದು ಇನ್ನೊಂದನ್ನು ಕೆಣಕದೆ ಬಿಡದು. (ದಂಪತಿಗಳ ಮಾತು ಬೇರೆ.)

ಆದುದರಿಂದ ಎರಡಡಿ ಅಗಲದ ಎರಡು ಬಿಳಿಯ ರಟ್ಟುಗಳನ್ನು ತಂದು, ಒಂದೊಂದಕ್ಕೆ ಒಂದೊಂದು ಬಣ್ಣವನ್ನು ಎರಡು ಸಲ ಬಳಿದು, ಚೆನ್ನಾಗಿ ಒಣಗಿಸಬೇಕು. ಹಸಿಯಿರುವಾಗಿನ ಬಣ್ಣ ಒಣಗಿದ ಮೇಲೆ ಉಳಿಯುವುದಿಲ್ಲ. ಒಂದನ್ನು ಗೋಡೆಗೆ ಒರಗಿಸಿದಾಗ ಇನ್ನೊಂದು ಬೀರುವಿನ ಹಿಂದಿರಲಿ. ಕಿಟಕಿಯಿರುವ ಗೋಡೆಯಲ್ಲೊಮ್ಮೆ, ಅದರ ಎದುರಿನ ಗೋಡೆಯಲ್ಲೊಮ್ಮೆ ಇಟ್ಟು ನೋಡಬೇಕು. ನಾಲ್ಕು ಗೋಡೆಗಳಿಗೂ ಅದೇ ಬಣ್ಣ ಬಂದಾಗ ಅವು ಒಂದರ ಮೇಲೊಂದು ಬೆಳಕು ಚೆಲ್ಲಿ, ರಟ್ಟಿನ ಮೇಲೆ ಕಂಡುದಕ್ಕಿಂತ ಗಾಢವಾಗುವುದೂ ನೆನಪಿನಲ್ಲಿರಲಿ.

ರಾತ್ರಿಯ ಪರೀಕ್ಷೆಯನ್ನು ಬಹುಮಂದಿ ಮರೆಯುತ್ತಾರೆ. ಹಳದಿ ಛಾಯೆಯ ದೀಪದಲ್ಲಿ ತಿಳಿಹಸಿರು ಹಳದಿಗೆ ತಿರುಗುತ್ತದೆ. ನೀಲಿ ಛಾಯೆಯ ಬಿಳಿ ಎಲ್‌ಇಡಿ ದೀಪದಲ್ಲಿ ಗುಲಾಬಿ ಬೂದಿ ಬಡಿದಂತಾಗುತ್ತದೆ. ಆಯ್ಕೆ ಸಾಧ್ಯವಾಗದಿದ್ದರೆ ಎಷ್ಟೋ ವೇಳೆ ಬದಲಿಸಬೇಕಾದುದು ಬಣ್ಣವನ್ನಲ್ಲ, ದೀಪವನ್ನು.

ಇಷ್ಟೆಲ್ಲ ಗದ್ದಲದಲ್ಲಿ, ದಿನವಿಡೀ ಆ ನಡುಮನೆಯಲ್ಲೇ ಕುಳಿತು ಅಕ್ಕಿ ಆರಿಸುವ ಅತ್ತೆಯವರನ್ನು ಯಾರೂ ಕೇಳಿಲ್ಲ. ವಯಸ್ಸಾದಂತೆ ಕಣ್ಣಿನೊಳಗೆ ಹೋಗುವ ಬೆಳಕು ಕಡಿಮೆಯಾಗುತ್ತದೆ; ಅವರಿಗೆ ಗೋಡೆ ಹಿಂದಿರುಗಿಸುವ ಬೆಳಕೇ ದೊಡ್ಡ ಆಸರೆ. ರಟ್ಟುಗಳನ್ನು ಮೊದಲು ಅವರ ಮುಂದೆ ಹಿಡಿದು, ಯಾವುದಿದ್ದರೆ ಅಕ್ಕಿಯಲ್ಲಿನ ಕಲ್ಲು ಚೆನ್ನಾಗಿ ಕಾಣುವುದೆಂದು ಕೇಳಬಹುದು.