ಕೊಳ್ಳೇಗಾಲದಲ್ಲಿ ಸೂರ್ಯ, ಹನೂರಿನ ಹತ್ತಿರ ಯುರೇನಸ್

ಶಾಲೆಯ ಗೋಡೆಗೆ ಅಂಟಿಸಿದ ಸೌರವ್ಯೂಹದ ಚಿತ್ರದಲ್ಲಿ ಎಂಟು ಗ್ರಹಗಳೂ ಒಂದರ ಮಗ್ಗುಲಿಗೊಂದು ಒತ್ತಾಗಿ ಕುಳಿತಿರುತ್ತವೆ. ಏಳನೆಯದಾದ ಯುರೇನಸ್ ಅಲ್ಲಿ ತಿಳಿನೀಲಿ ಬಣ್ಣದ ಒಂದು ಉಂಡೆ. ಮಕ್ಕಳು ಅದರ ಹೆಸರು, ಸರದಿ, ಉಪಗ್ರಹಗಳ ಸಂಖ್ಯೆಯನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಮರೆತರೆ ಭಾರೀ ನಷ್ಟವೇನಿಲ್ಲ, ಏಕೆಂದರೆ ಆ ಸಂಖ್ಯೆಗಳೇ ನಿಂತಲ್ಲಿ ನಿಲ್ಲುವುದಿಲ್ಲ. 1984ರಲ್ಲಿ ಯುರೇನಸ್‌ಗೆ 5 ಉಪಗ್ರಹ ಎಂದು ಬರೆದವರಿಗೆ ಪೂರ್ತಿ ಅಂಕ. 2024ರಲ್ಲಿ ಸರಿಯುತ್ತರ 28 ಆಯಿತು, ಮರುವರ್ಷ ಅದು 29ಕ್ಕೆ ಏರಿತು. ನಿಜವಾದ ನಷ್ಟ ಬೇರೆ ಕಡೆ ಇದೆ. ಇಷ್ಟು ದೂರದ ಒಂದು ಗ್ರಹವನ್ನು ಮನುಷ್ಯರು ಹೇಗೆ ಪತ್ತೆ ಹಚ್ಚಿದರು, ಅದರ ಬಗ್ಗೆ ಹೇಳುವುದನ್ನು ಏಕೆ ನಂಬಬೇಕು ಎಂಬುದು ಮಗುವಿಗೆ ತಿಳಿಯದೆ ಹೋಗುತ್ತದೆ. ದೂರದ ದೈತ್ಯ ಗ್ರಹವನ್ನು ಮಕ್ಕಳಿಗೆ ಪರಿಚಯಿಸುವ ಸರಿಯಾದ ದಾರಿ ಅದರ ಪುರಾವೆಗಳ ಮೂಲಕ ಹೋಗುತ್ತದೆ. ಹಾಗೆ ಪರಿಚಯಿಸಲು ಕೊಳ್ಳೇಗಾಲ, ಹನೂರು, ಯಳಂದೂರಿನಂಥ ಊರುಗಳು ದೊಡ್ಡ ನಗರಗಳಿಗಿಂತ ಅನುಕೂಲವಾಗಿವೆ.

ಮೊದಲು ದೂರದ ಮಾತು. ಭೂಮಿಗೂ ಸೂರ್ಯನಿಗೂ ನಡುವೆ ಸುಮಾರು 15 ಕೋಟಿ ಕಿಲೋಮೀಟರ್. ಇದನ್ನು 1 ಕಿಲೋಮೀಟರಿಗೆ ಇಳಿಸಿ, ಕೊಳ್ಳೇಗಾಲದ ಒಂದು ಶಾಲೆಯ ಅಂಗಳದಲ್ಲಿ 9.3 ಮೀಟರ್ ಅಗಲದ ವೃತ್ತ ಎಳೆದು ಅದೇ ಸೂರ್ಯ ಎನ್ನೋಣ. ಭೂಮಿ 1 ಕಿಲೋಮೀಟರ್ ಆಚೆ, ಎಂಟೂವರೆ ಸೆಂಟಿಮೀಟರಿನ ಗುಂಡು. ಹನೂರಿನ ರಸ್ತೆ ಹಿಡಿದರೆ ಗುರು 5.2 ಕಿಲೋಮೀಟರಿನಲ್ಲಿ ಸಿಗುತ್ತಾನೆ, ಶನಿ ಕಾಮಗೆರೆ ಬರುವ ಮುಂಚೆಯೇ, 9.5ರಲ್ಲಿ. ಅಲ್ಲಿಂದ ಮುಂದೆ ಅಷ್ಟೇ ದೂರ ಬರಿದೇ ರಸ್ತೆ. ಹನೂರು ಇನ್ನೇನು ಬಂತು ಎನ್ನುವಾಗ, 19.2 ಕಿಲೋಮೀಟರಿನಲ್ಲಿ, 34 ಸೆಂಟಿಮೀಟರ್ ಅಗಲದ ಯುರೇನಸ್. ಕೊಳ್ಳೇಗಾಲದಿಂದ ಯಳಂದೂರಿನ ಕಡೆ ಹೊರಟವರು ಇಷ್ಟೇ ದೂರಕ್ಕೆ ಆ ಊರನ್ನೂ ದಾಟಿರುತ್ತಾರೆ. ನೆಪ್ಚೂನ್ ಬೇಕೆಂದರೆ ಹನೂರನ್ನು ಹಿಂದೆ ಬಿಟ್ಟು ಮಾದಪ್ಪನ ಬೆಟ್ಟದ ದಿಕ್ಕಿಗೆ 30ನೇ ಕಿಲೋಮೀಟರಿನವರೆಗೆ ಹೋಗಬೇಕು. ಈ ಅಳತೆಯಲ್ಲಿ ಚಂದ್ರ ಭೂಮಿಯಿಂದ ಎರಡೂವರೆ ಮೀಟರ್ ಮಾತ್ರ, ಮನುಷ್ಯ ಹೆಜ್ಜೆಯಿಟ್ಟ ಅತಿ ದೂರದ ನೆಲ ಅದು. ಬೆಳಕು ಸೆಕೆಂಡಿಗೆ 2 ಮೀಟರಿನಂತೆ, ಸರಸರನೆ ನಡೆಯುವವರಿಗಿಂತ ತುಸು ಬೇಗ ಸಾಗಿ, 2 ಗಂಟೆ 40 ನಿಮಿಷಕ್ಕೆ ಯುರೇನಸ್ ಮುಟ್ಟುತ್ತದೆ. ಬಸ್ಸಿನಲ್ಲಿ ದಿನವೂ ಆ ರಸ್ತೆಯಲ್ಲಿ ಓಡಾಡುವ ಮಗುವಿಗೆ ಕೋಟಿಗಳ ಲೆಕ್ಕ ಕೊಡದ ಅಂದಾಜು ಇಲ್ಲಿ ಸಿಗುತ್ತದೆ. ಗೋಡೆಯ ಚಿತ್ರ ಯಾವುದನ್ನು ಮುಚ್ಚಿಟ್ಟಿದೆ ಎಂಬುದೂ ಹೊಳೆಯುತ್ತದೆ: ಸೌರವ್ಯೂಹದಲ್ಲಿ ಹೆಚ್ಚಿನ ಪಾಲು ಬರಿಯ ಖಾಲಿ ಜಾಗ.

ಇಷ್ಟು ದೂರದ್ದು ಕಣ್ಣಿಗೆ ಕಾಣುವುದೇ ಇಲ್ಲವಲ್ಲ, ಕಾಣದ್ದನ್ನು ಮಕ್ಕಳಿಗೆ ಪರಿಚಯಿಸುವುದು ಹೇಗೆ ಎಂಬ ಆಕ್ಷೇಪ ಸಹಜ. ಆದರೆ ಯುರೇನಸ್ ಕಾಣುತ್ತದೆ. ದೀಪಗಳ ಬೆಳಕಿಲ್ಲದ ಅಚ್ಚಗತ್ತಲ ಆಕಾಶದಲ್ಲಿ ಬರಿಗಣ್ಣಿನ ಮಿತಿಯ ಅಂಚಿನಲ್ಲಿ ಅದು ಮಿಣುಕುತ್ತದೆ, ಸಾಮಾನ್ಯ ಬೈನಾಕ್ಯುಲರಿನಲ್ಲಿ ಸಲೀಸಾಗಿ ಸಿಗುತ್ತದೆ. ಅದನ್ನು ಗ್ರಹವೆಂದು ಗುರುತಿಸುವುದೇ ಕಷ್ಟದ ಕೆಲಸ. ಇಂಗ್ಲೆಂಡಿನ ರಾಜಖಗೋಳಜ್ಞ ಜಾನ್ ಫ್ಲಾಮ್‌ಸ್ಟೀಡ್ 1690ರ ಡಿಸೆಂಬರಿನಲ್ಲಿ ಅದನ್ನು ದೂರದರ್ಶಕದಲ್ಲಿ ಕಂಡು, ನಕ್ಷತ್ರವೆಂದೇ ಭಾವಿಸಿ, ವೃಷಭ ರಾಶಿಯ 34ನೇ ನಕ್ಷತ್ರವಾಗಿ ಪಟ್ಟಿಗೆ ಸೇರಿಸಿದ. ಸುಮಾರು 90 ವರ್ಷಗಳ ನಂತರ, 1781ರ ಮಾರ್ಚ್ 13ರಂದು, ಬಾತ್ ನಗರದಲ್ಲಿ ಸಂಗೀತ ಕಲಿಸುತ್ತಿದ್ದ ವಿಲಿಯಂ ಹರ್ಷೆಲ್ ತಾನೇ ತಯಾರಿಸಿದ ದೂರದರ್ಶಕದಲ್ಲಿ ಅದನ್ನು ಕಂಡಾಗ ಅದು ಚುಕ್ಕಿಯಂತಿರದೆ ಪುಟ್ಟ ತಟ್ಟೆಯಂತಿತ್ತು, ದಿನಗಳೆದಂತೆ ಜಾಗವನ್ನೂ ಬದಲಿಸಿತು. ಅವನೂ ಅದನ್ನು ಮೊದಲು ಧೂಮಕೇತು ಎಂದೇ ಬಗೆದ. ಅದರ ಕಕ್ಷೆಯನ್ನು ಲೆಕ್ಕ ಹಾಕಿದ ಮೇಲಷ್ಟೇ ಅದು ಗ್ರಹ ಎಂಬುದು ಸ್ಥಿರವಾಯಿತು. ಕಾಣುವುದಕ್ಕೂ ತಿಳಿಯುವುದಕ್ಕೂ ನಡುವೆ ಇರುವ ದಾರಿಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಗ್ರಹ ಇನ್ನೊಂದಿಲ್ಲ.

ನಮ್ಮ ನವಗ್ರಹಗಳಲ್ಲಿ ಇದು ಇಲ್ಲವಲ್ಲ ಎಂಬ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ. ಅದನ್ನು ನಕ್ಕು ತಳ್ಳಿಹಾಕಬಾರದು. ಆ ಒಂಬತ್ತರಲ್ಲಿ ಸೂರ್ಯ, ಚಂದ್ರರಿದ್ದಾರೆ, ಬರಿಗಣ್ಣಿಗೆ ಹೊಳೆಯುವ ಐದು ಗ್ರಹಗಳಿವೆ. ರಾಹು, ಕೇತುಗಳು ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಎರಡು ಬಿಂದುಗಳು, ಲೆಕ್ಕದಿಂದಲೇ ಸಿಗುವಂಥವು. ನಕ್ಷತ್ರಗಳ ನಡುವೆ ಸರಿದಾಡುವುದನ್ನು ಹಿರಿಯರು ಶ್ರದ್ಧೆಯಿಂದ ಗಮನಿಸಿ ಮಾಡಿದ ಪಟ್ಟಿ ಅದು. ಯುರೇನಸ್ ಮಂಕು, ಮೇಲಾಗಿ ನಿಧಾನಿ. ಸೂರ್ಯನನ್ನು ಒಂದು ಸುತ್ತು ಬರಲು ಅದಕ್ಕೆ 84 ವರ್ಷ ಬೇಕು, ಆಕಾಶದಲ್ಲಿ ವರ್ಷಕ್ಕೆ ನಾಲ್ಕು ಡಿಗ್ರಿಗಿಂತ ತುಸು ಹೆಚ್ಚು ಮಾತ್ರ ಮುಂದೆ ಹೋಗುತ್ತದೆ. ದೂರದರ್ಶಕವಿದ್ದ ಫ್ಲಾಮ್‌ಸ್ಟೀಡನಿಗೇ ತಪ್ಪಿಸಿಕೊಂಡದ್ದು ಬರಿಗಣ್ಣಿನವರಿಗೆ ಸಿಗಲಿಲ್ಲ ಎಂದರೆ ಅದು ಅವರ ಕೊರತೆಯಲ್ಲ. ಹೊಸ ಸಾಧನ ಬಂದಾಗ ಹಳೆಯ ಪಟ್ಟಿ ಬೆಳೆಯಬೇಕು ಎಂಬುದಷ್ಟೇ ಇಲ್ಲಿನ ಪಾಠ.

ಪುರಾವೆಯ ದಾರಿಗೆ ಬಲವಾದ ಉದಾಹರಣೆ ನಮ್ಮ ನೆರೆಯಲ್ಲೇ ಇದೆ. ಹನೂರಿನಿಂದ ಪೂರ್ವಕ್ಕೆ, ನೇರ ಗೆರೆಯಲ್ಲಿ 200 ಕಿಲೋಮೀಟರಿನ ಒಳಗೇ, ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿ ಕಾವಲೂರು ವೀಕ್ಷಣಾಲಯವಿದೆ. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಅದನ್ನು ನಡೆಸುತ್ತದೆ. 1977ರ ಮಾರ್ಚ್ 10ರಂದು ಯುರೇನಸ್ ತುಲಾ ರಾಶಿಯ ಒಂದು ಮಂಕು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ 102 ಸೆಂಟಿಮೀಟರಿನ ದೂರದರ್ಶಕದಿಂದ ಆ ನಕ್ಷತ್ರದ ಬೆಳಕನ್ನು ಅಳೆಯುತ್ತಿದ್ದರು. ಗ್ರಹ ಇನ್ನೂ ದೂರವಿರುವಾಗಲೇ ಬೆಳಕು ಕೆಲವು ಸೆಕೆಂಡು ಕುಗ್ಗಿ ಮತ್ತೆ ಮೊದಲಿನಂತಾಯಿತು. ಯಾವುದೋ ಅಡ್ಡ ಬಂದಿತ್ತು. ಅದು ಗೊತ್ತಿಲ್ಲದ ಉಪಗ್ರಹವಿರಬೇಕು ಎಂದು ಅವರು ಪ್ರಕಟಿಸಿದರು. ಒಂದೇ ಸಲ ಕುಗ್ಗಿದ್ದನ್ನು ಕಂಡವರಿಗೆ ಅದು ನ್ಯಾಯವಾದ ಊಹೆಯೇ. ಅದೇ ಹೊತ್ತಿಗೆ ಹಿಂದೂ ಮಹಾಸಾಗರದ ಮೇಲೆ, ದೂರದರ್ಶಕ ಹೊತ್ತ ಅಮೆರಿಕದ ವಿಮಾನದಲ್ಲಿ ಜೇಮ್ಸ್ ಎಲಿಯಟ್‌ನ ತಂಡ ಗ್ರಹ ನಕ್ಷತ್ರವನ್ನು ಮರೆಮಾಡುವ ಮೊದಲು ಐದು ಸಲ, ಆಮೇಲೆ ಐದು ಸಲ ಬೆಳಕು ಕುಗ್ಗಿದ್ದನ್ನು ದಾಖಲಿಸಿತ್ತು. ಎರಡೂ ಬದಿಯಲ್ಲಿ ಸರಿಸಮ ದೂರಗಳಲ್ಲಿ ಐದೈದು ಉಪಗ್ರಹಗಳು ಕಾದು ನಿಂತಿರಲಾರವು. ಗ್ರಹದ ಸುತ್ತ ಉಂಗುರಗಳಿದ್ದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಯಾರ ಕಣ್ಣಿಗೂ ಕಾಣದ ಉಂಗುರಗಳು ಹೀಗೆ ನೆರಳಿನ ಲೆಕ್ಕದಿಂದ ಬಯಲಾದವು. ಕಾವಲೂರಿನವರ ವ್ಯಾಖ್ಯಾನ ಬದಲಾಯಿತು, ಅವರ ಅಳತೆ ಮಾತ್ರ ಉಂಗುರಕ್ಕೆ ಸಾಕ್ಷಿಯಾಗಿ ಉಳಿಯಿತು. ವಿಜ್ಞಾನದಲ್ಲಿ ಊಹೆ ಬಿದ್ದರೂ ಪ್ರಾಮಾಣಿಕ ದಾಖಲೆ ಬೀಳುವುದಿಲ್ಲ ಎಂಬುದನ್ನು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಇಷ್ಟೆಲ್ಲ ತರ್ಕ ಹತ್ತು ವರ್ಷದ ಮಗುವಿಗೆ ಭಾರವಲ್ಲವೇ, ಉಂಗುರ ತೋರಿಸುವುದಿದ್ದರೆ ಶನಿಯೇ ಸಾಲದೇ ಎಂದು ಕೇಳಬಹುದು. ಶನಿಯನ್ನು ಖಂಡಿತ ತೋರಿಸಬೇಕು; ಚಿಕ್ಕ ದೂರದರ್ಶಕದಲ್ಲೂ ಅದರ ಉಂಗುರ ಬೆರಗು ಹುಟ್ಟಿಸುತ್ತದೆ. ಆದರೆ ಅಲ್ಲಿ ಉತ್ತರ ನೋಡಿದೊಡನೆ ಕೈಗೆ ಬರುವುದರಿಂದ ಪ್ರಶ್ನೆ ಬೆಳೆಯುವುದಿಲ್ಲ. ಇನ್ನು ತರ್ಕದ ಭಾರದ ಮಾತು: ಕತ್ತಲ ಕೋಣೆಯಲ್ಲಿ ಟಾರ್ಚಿನ ಗಾಜಿಗೆ ರಟ್ಟು ಮುಚ್ಚಿ, ನಡುವೆ ಸಣ್ಣ ತೂತು ಮಾಡಿ, ಅದರ ಮುಂದೆ ಒಂದು ಗೋಲಿಯನ್ನು ಸಾಗಿಸಿದರೆ ಬೆಳಕು ಒಮ್ಮೆ ಮರೆಯಾಗುತ್ತದೆ. ಬಳೆಯನ್ನು ಸಾಗಿಸಿದರೆ ಎರಡು ಸಲ. ಸಾಗಿಸಿದ ವಸ್ತುವನ್ನು ನೋಡದೆ, ಎದುರು ಗೋಡೆಯ ಬೆಳಕನ್ನಷ್ಟೇ ನೋಡಿ ಗೋಲಿಯೋ ಬಳೆಯೋ ಎಂದು ಹೇಳಲು ನಾಲ್ಕನೇ ತರಗತಿಯ ಮಗುವಿಗೂ ಸಾಧ್ಯ. ಹಾಗೆ ಹೇಳಿದ ಮಗು 1977ರ ತರ್ಕವನ್ನೇ ಮಾಡಿರುತ್ತದೆ.

ಸಾಧನ, ಸೌಕರ್ಯಗಳಿಲ್ಲ ಎಂಬ ಮಾತೂ ಅರ್ಧ ಮಾತ್ರ ನಿಜ. ಬೆಂಗಳೂರಿನ ಮಕ್ಕಳಿಗೆ ತಾರಾಲಯವಿದೆ, ಆದರೆ ಕತ್ತಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಮತ್ತು ಮಲೆ ಮಹದೇಶ್ವರ ಬೆಟ್ಟದ ತಪ್ಪಲಿನ ಹಳ್ಳಿಗಳಿಗೆ ಕತ್ತಲು ಇನ್ನೂ ಉಳಿದಿದೆ. ಕಾಲವೂ ಕೂಡಿಬಂದಿದೆ. ಫ್ಲಾಮ್‌ಸ್ಟೀಡ್ ಕಂಡಂದಿನಿಂದ ಸರಿಯಾಗಿ ನಾಲ್ಕು ಸುತ್ತು ಮುಗಿಸಿ, 2026ರ ಡಿಸೆಂಬರಿನಲ್ಲಿ ಯುರೇನಸ್ ಹೆಚ್ಚುಕಡಿಮೆ ಅದೇ ಜಾಗಕ್ಕೆ, ಕೃತ್ತಿಕೆಯ ಗುಂಪಿನ ತುಸು ದಕ್ಷಿಣಕ್ಕೆ, ಮರಳಿರುತ್ತದೆ. ಹಿಂಗಾರು ಮುಗಿದು ಮೋಡ ಚದುರಿದ ಮೇಲೆ ಬೈನಾಕ್ಯುಲರಿನಲ್ಲಿ ಕಾಣುವ ಚುಕ್ಕಿಗಳನ್ನು ಕಾಗದದ ಮೇಲೆ ಗುರುತು ಹಾಕಿ, ಎರಡು ವಾರ ಬಿಟ್ಟು ಮತ್ತೆ ಗುರುತು ಹಾಕಿದರೆ ಒಂದು ಚುಕ್ಕಿ ಹುಣ್ಣಿಮೆ ಚಂದ್ರನ ಅಗಲದಷ್ಟು ಸರಿದಿರುವುದು ಕಾಣುತ್ತದೆ. ಕಾಡಂಚಿನ ಊರುಗಳಲ್ಲಿ ಆನೆಗಳ ಓಡಾಟ ಇರುವುದರಿಂದ ಈ ಕೆಲಸ ಬಯಲಿಗಿಂತ ಶಾಲೆಯ ಮಹಡಿಯ ಮೇಲೆ, ಹಿರಿಯರ ಜೊತೆಯಲ್ಲಿ ನಡೆಯುವುದು ಕ್ಷೇಮ.

ಕೊನೆಗೆ ಉಳಿಯುವುದು, ಇದರಿಂದ ನಮ್ಮ ಮಕ್ಕಳಿಗೇನು ಪ್ರಯೋಜನ ಎಂಬ ಪ್ರಶ್ನೆ. ಯುರೇನಸ್ ಬಗ್ಗೆ ತಿಳಿಯಬೇಕಾದ್ದು ಮುಗಿದಿದ್ದರೆ ಆ ಪ್ರಶ್ನೆಗೆ ತೂಕವಿರುತ್ತಿತ್ತು. ಅಲ್ಲಿಗೆ ಹೋದ ನೌಕೆ ಒಂದೇ. 1977ರಲ್ಲಿ ಹೊರಟ ವಾಯೇಜರ್-2, 1986ರ ಜನವರಿ 24ರಂದು ಅದರ ಪಕ್ಕದಲ್ಲಿ ಹಾದುಹೋಯಿತು. ಪಕ್ಕಕ್ಕೆ ಉರುಳಿದಂತೆ 98 ಡಿಗ್ರಿ ವಾಲಿರುವ ಆ ಗ್ರಹದ ದಕ್ಷಿಣ ಧ್ರುವ ಆಗ ಸೂರ್ಯನಿಗೆ ಮುಖ ಮಾಡಿತ್ತು, ಉತ್ತರದ ಹೆಚ್ಚಿನ ಭಾಗ ಕತ್ತಲಲ್ಲಿತ್ತು. ಉಪಗ್ರಹಗಳ ಅರ್ಧ ನೆಲವನ್ನು ಇವತ್ತಿಗೂ ಯಾರೂ ಹತ್ತಿರದಿಂದ ನೋಡಿಲ್ಲ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2022ರ ವರದಿಯಲ್ಲಿ ಮುಂದಿನ ದೊಡ್ಡ ಗ್ರಹಯಾನಗಳ ಪೈಕಿ ಯುರೇನಸ್‌ಗೆ ಮೊದಲ ಸ್ಥಾನ ಕೊಟ್ಟಿವೆ. ಆ ನೌಕೆ ಹೊರಟು ತಲುಪುವ ಹೊತ್ತಿಗೆ ಇಂದು ಐದನೇ ತರಗತಿಯಲ್ಲಿರುವವರು ದುಡಿಯುವ ವಯಸ್ಸಿನಲ್ಲಿರುತ್ತಾರೆ. ಅದು ಕಳಿಸುವ ಅಂಕಿಗಳನ್ನು ಓದುವವರಲ್ಲಿ ಹನೂರಿನವರೂ ಇರಬೇಕಾದರೆ, ಉಪಗ್ರಹ ಎಷ್ಟು ಎಂದು ಕೇಳುವ ಪಾಠ ಸಾಲದು. ಉಂಗುರವಿದೆ ಎಂದು ಯಾವ ಆಧಾರದ ಮೇಲೆ ಹೇಳುತ್ತೀ ಎಂದು ಕೇಳುವ ಪಾಠ ಬೇಕು.