ಮಾಚಾ ಲಾಟೆ: ಮನೆಯಲ್ಲೇ ಮಾಡಿ, ಹೊತ್ತು ನೋಡಿ ಕುಡಿಯಿರಿ

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಈಗ ಒಂದು ಹಸಿರು ಪಾನೀಯದ ಮಾತು ಕೇಳಿಬರುತ್ತಿದೆ. ಕೊಲ್ಲಿ ನಾಡಿನಿಂದ ರಜೆಗೆ ಬರುವವರು ಖರ್ಜೂರದ ಜೊತೆಗೆ ಇದರ ಪುಟ್ಟ ಡಬ್ಬಿಯನ್ನೂ ತರುತ್ತಾರೆ. ಕೆಫೆಗೆ ಹೋದರೆ ಒಂದು ಲೋಟಕ್ಕೆ ಒಂದು ಊಟದಷ್ಟು ಹಣ ಕೊಡಬೇಕು. "ಡಾಕ್ಟ್ರೇ, ಇದನ್ನು ಕುಡಿದರೆ ತೂಕ ಇಳಿಯುತ್ತದಂತೆ, ಮುಖಕ್ಕೆ ಕಾಂತಿ ಬರುತ್ತದಂತೆ, ಹೌದಾ?" ಎಂದು ತಾಯಂದಿರು ಕೇಳುತ್ತಾರೆ. ಮಾಚಾ ಲಾಟೆ ರುಚಿಯಾದ ಪಾನೀಯ, ಮನೆಯಲ್ಲಿ ಮಾಡುವುದೂ ಸುಲಭ. ಆದರೆ ಅದು ಔಷಧಿಯಲ್ಲ, ಚಹಾ. ಅದರಲ್ಲೂ ಎಲೆಯನ್ನೇ ನುಂಗುವ ಚಹಾ. ಈ ಒಂದು ವ್ಯತ್ಯಾಸ ತಿಳಿದಿದ್ದರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ನಾವು ದಿನವೂ ಕುಡಿಯುವ ಚಹಾದಲ್ಲಿ ಎಲೆಯ ಸಾರ ಮಾತ್ರ ನೀರಿಗೆ ಇಳಿಯುತ್ತದೆ, ಚರಟವನ್ನು ಸೋಸಿ ಎಸೆಯುತ್ತೇವೆ. ಮಾಚಾದಲ್ಲಿ ಸೋಸುವುದೆಂಬುದೇ ಇಲ್ಲ. ಜಪಾನಿನಲ್ಲಿ ಕೊಯ್ಲಿಗೆ ಸುಮಾರು ಮೂರು ವಾರ ಮೊದಲು ಚಹಾ ಗಿಡಗಳಿಗೆ ನೆರಳು ಹೊದಿಸುತ್ತಾರೆ. ಬಿಸಿಲು ಕಡಿಮೆಯಾದಾಗ ಎಲೆಯಲ್ಲಿ ಹಸಿರು ಗಾಢವಾಗುತ್ತದೆ, ಕಹಿ ತಗ್ಗುತ್ತದೆ. ಕೊಯ್ದ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಒಣಗಿಸಿ, ನಾರು ಮತ್ತು ತೊಟ್ಟು ತೆಗೆದು ಬೀಸುಕಲ್ಲಿನಲ್ಲಿ ಬೀಸುತ್ತಾರೆ. ಒಂದು ಕಲ್ಲು ಒಂದು ಗಂಟೆ ತಿರುಗಿದರೆ ಸಿಗುವುದು 30-40 ಗ್ರಾಂ ಪುಡಿ ಮಾತ್ರ. ಬೆಲೆ ಏಕೆ ಹೆಚ್ಚೆಂದು ಇದರಿಂದಲೇ ತಿಳಿಯಬಹುದು. ಕ್ಯೋಟೋ ಬಳಿಯ ಉಜಿ ಎಂಬ ಊರು ಇದಕ್ಕೆ ಹೆಸರುವಾಸಿ. ಪುಡಿ ಚಹಾ ಕುಡಿಯುವ ಪದ್ಧತಿ ಮೊದಲು ಚೀನಾದಲ್ಲಿತ್ತು. ಎಯ್‌ಸಾಯ್ ಎಂಬ ಬೌದ್ಧ ಸನ್ಯಾಸಿ 1191ರಲ್ಲಿ ಅಲ್ಲಿಂದ ಮರಳಿದಾಗ ಅದನ್ನು ಜಪಾನಿಗೆ ತಂದರೆಂದು ಹೇಳುತ್ತಾರೆ. ಆಶ್ಚರ್ಯವೆಂದರೆ, ಚೀನೀಯರು ಒಂದು ಕಹಿ ಎಲೆಗೆ ಬಿಸಿನೀರು ಹೊಯ್ದು ಕುಡಿಯುವುದನ್ನು ಅದಕ್ಕೂ ಮೂರು ಶತಮಾನ ಮೊದಲೇ ಅರಬ್ ವರ್ತಕರು ಗಮನಿಸಿದ್ದರು. ಕ್ರಿ.ಶ. 851ರ ಸುಮಾರಿನ 'ಅಖ್ಬಾರುಸ್ಸೀನ್ ವಲ್ ಹಿಂದ್' ಗ್ರಂಥದಲ್ಲಿ ಇದರ ಉಲ್ಲೇಖವಿದೆ. ಹಸಿರು ಚಹಾಕ್ಕೆ ಹಾಲು ಬೆರೆಸುವುದೂ ಹೊಸತೇನಲ್ಲ. ಕಾಶ್ಮೀರದ ನೂನ್ ಚಾಯ್ ಹಸಿರು ಎಲೆ, ಸೋಡಾ, ಉಪ್ಪು, ಹಾಲಿನಿಂದಲೇ ಆಗುವುದು.

ಇನ್ನು ಮಾಡುವ ಬಗೆ. ಒಬ್ಬರಿಗೆ ಒಂದು ಮಟ್ಟಸ ಟೀ ಚಮಚ, ಅಂದರೆ ಸುಮಾರು 2 ಗ್ರಾಂ ಪುಡಿ ಸಾಕು. ಮೊದಲ ಸಲ ಕುಡಿಯುವವರು ಅರ್ಧ ಚಮಚದಿಂದ ಆರಂಭಿಸಲಿ. ಪುಡಿ ಬಹಳ ನುಣುಪಾಗಿರುವುದರಿಂದ ಗಂಟು ಕಟ್ಟುತ್ತದೆ. ಚಹಾ ಸೋಸುವ ಜಾಲರಿಯಲ್ಲಿ ಹಾಕಿ ಚಮಚದಿಂದ ಒತ್ತಿ ಬಟ್ಟಲಿಗೆ ಇಳಿಸಿಕೊಳ್ಳಿ. ನೀರನ್ನು ಕುದಿಸಿ, ಒಲೆಯಿಂದ ಇಳಿಸಿ, ಮುಚ್ಚಳ ತೆಗೆದು ಐದು ನಿಮಿಷ ಬಿಡಿ. 75-80 ಡಿಗ್ರಿಗೆ ಇಳಿದ ನೀರು ಬೇಕು. ಕುದಿಯುವ ನೀರನ್ನೇ ಸುರಿದರೆ ಕಹಿ ಎದ್ದು ಬರುತ್ತದೆ. "ಮಾಚಾ ಬೇವಿನ ಕಷಾಯದ ಹಾಗಿದೆ" ಎನ್ನುವವರ ಮನೆಯಲ್ಲಿ ಹೆಚ್ಚಾಗಿ ಆಗಿರುವುದು ಇದೇ.

ಮೊದಲು ಒಂದು ಚಮಚ ನೀರು ಹಾಕಿ ಪುಡಿಯನ್ನು ಹಿಟ್ಟು ಕಲಸಿದಂತೆ ಕಲಸಿ. ಬಳಿಕ ಮೂರು ನಾಲ್ಕು ದೊಡ್ಡ ಚಮಚ ನೀರು ಸೇರಿಸಿ ಮೇಲೆ ನೊರೆ ಬರುವವರೆಗೆ ಎಡಕ್ಕೂ ಬಲಕ್ಕೂ ಬೇಗ ಬೇಗ ಕಡೆಯಿರಿ. ಜಪಾನೀಯರು ಇದಕ್ಕೆ ಒಂದೇ ಬಿದಿರಿನ ತುಂಡನ್ನು ಸೀಳಿ ಮಾಡಿದ ಕುಂಚದಂಥ ಸಾಧನ ಬಳಸುತ್ತಾರೆ. ಅದನ್ನೇ ಕೊಳ್ಳಬೇಕೆಂದಿಲ್ಲ, ಮಜ್ಜಿಗೆಯ ಸಣ್ಣ ಕಡೆಗೋಲು ಸಾಕು. ಹಾಲು ಮುಕ್ಕಾಲು ಲೋಟ, ಸುಮಾರು 150 ಮಿಲಿ. ಕಾಯಿಸಿಟ್ಟ ಹಾಲನ್ನು ಬಿಸಿ ಮಾಡಿ, ಮತ್ತೆ ಉಕ್ಕಿಸಬೇಡಿ. ನಮ್ಮ ಚಹಾ ಅಂಗಡಿಯವರಂತೆ ಎರಡು ಲೋಟಗಳಲ್ಲಿ ಎತ್ತರದಿಂದ ಎರಡು ಮೂರು ಸಲ ಆರಿಸಿ ಹೊಯ್ದರೆ ನೊರೆ ತಾನಾಗಿ ಬರುತ್ತದೆ. ಅದನ್ನು ಮಾಚಾಕ್ಕೆ ಸೇರಿಸಿದರೆ ಮುಗಿಯಿತು. ಚಹಾಪುಡಿಯಂತೆ ಇದನ್ನು ಹಾಲಿನಲ್ಲಿ ಹಾಕಿ ಕುದಿಸಲೇಬೇಡಿ, ಬಣ್ಣವೂ ರುಚಿಯೂ ಕೆಡುತ್ತದೆ. ಸಿಹಿ ಬೇಕಾದರೆ ನೆನೆಸಿ ಅರೆದ ಒಂದು ಖರ್ಜೂರ ಅಥವಾ ಅರ್ಧ ಚಮಚ ಜೇನು. ಯುನಾನಿಯಲ್ಲಿ ಒಂದು ವಸ್ತುವಿನ ತೀಕ್ಷ್ಣತೆಯನ್ನು ತಗ್ಗಿಸಲು ಜೊತೆಗೆ ಸೇರಿಸುವುದನ್ನು 'ಮುಸ್ಲಿಹ್' ಎನ್ನುತ್ತೇವೆ. ಹೊಟ್ಟೆಯುರಿ, ಬಾಯಿ ಒಣಗುವ ತೊಂದರೆ ಇರುವವರಿಗೆ ಬರೀ ನೀರಿನ ಮಾಚಾಕ್ಕಿಂತ ಹಾಲು, ಒಂದು ಚಿಟಿಕೆ ಏಲಕ್ಕಿ ಸೇರಿದ್ದನ್ನೇ ನಾನು ಹೇಳುತ್ತೇನೆ.

ಕೊಳ್ಳುವಾಗ ಡಬ್ಬಿಯ ಹಿಂಬದಿ ಓದಿ. 'ಮಾಚಾ ಲಾಟೆ ಮಿಕ್ಸ್' ಎಂದು ಬರೆದದ್ದರಲ್ಲಿ ಹಲವು ಸಲ ಸಕ್ಕರೆಯೇ ಮೊದಲ ಹೆಸರು. ಪದಾರ್ಥಗಳನ್ನು ತೂಕದ ಪ್ರಕಾರ, ಹೆಚ್ಚಿನದನ್ನು ಮೊದಲು ಬರೆಯುವುದು ನಿಯಮ. ಬೇಕಾದದ್ದು ಒಂದೇ ಪದಾರ್ಥ, ಹಸಿರು ಚಹಾ ಎಲೆಯ ಪುಡಿ. ಆಗ ಹಲಾಲ್ ಕುರಿತ ಪ್ರಶ್ನೆಯೂ ಉಳಿಯುವುದಿಲ್ಲ. ಅನುಮಾನ ಬರುವುದು ವೆನಿಲ್ಲಾ ಮೊದಲಾದ ಸುವಾಸನೆ ಬೆರೆಸಿದ ಮಿಶ್ರಣಗಳಲ್ಲಿ. 'ಸೆರೆಮೋನಿಯಲ್' ಎಂಬ ದರ್ಜೆಗೆ ಕಾನೂನಿನ ಅಳತೆಗೋಲು ಇಲ್ಲ, ಹಾಲು ಬೆರೆಸುವವರಿಗೆ ಅಷ್ಟು ದುಬಾರಿಯದ್ದು ಬೇಕಾಗಿಯೂ ಇಲ್ಲ. ಕಣ್ಣಿಗೆ ಹೊಡೆಯುವ ಹಸಿರು ಬಣ್ಣವಿದ್ದರೆ ಒಳ್ಳೆಯದು, ಹಳದಿಗೆ ತಿರುಗಿದ್ದರೆ ಹಳತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಚಹಾ ಎಲೆಯಲ್ಲಿರುವ ಕ್ಯಾಟೆಚಿನ್‌ನಂಥ ಒಗರಿನ ಅಂಶಗಳು ಸೊಪ್ಪು, ಬೇಳೆ, ರಾಗಿಯಲ್ಲಿರುವ ಕಬ್ಬಿಣದೊಂದಿಗೆ ಕರುಳಿನಲ್ಲಿ ಬೆಸೆದುಕೊಂಡು ಅದನ್ನು ರಕ್ತಕ್ಕೆ ಸೇರಗೊಡುವುದಿಲ್ಲ. ಮಾಂಸದ ಕಬ್ಬಿಣಕ್ಕೆ ಈ ತಡೆ ಅಷ್ಟಾಗಿ ಇಲ್ಲ. ಆದರೆ ಮಾಂಸ ತಿನ್ನುವ ಮನೆಯಲ್ಲೂ ದಿನದ ಕಬ್ಬಿಣದ ದೊಡ್ಡ ಪಾಲು ಬರುವುದು ಧಾನ್ಯ, ಬೇಳೆ, ಸೊಪ್ಪಿನಿಂದಲೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019-21) ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆ ಇರುವವರು ದೇಶದಲ್ಲಿ ಶೇ. 57, ಕರ್ನಾಟಕದಲ್ಲಿ ಶೇ. 47.8. ಮಾಚಾ ಹೆಚ್ಚು ಇಷ್ಟಪಡುತ್ತಿರುವವರೂ ಇದೇ ವಯಸ್ಸಿನ ಹೆಣ್ಣುಮಕ್ಕಳು.

ಡಿಗ್ರಿ ಓದುವ ಒಬ್ಬ ಹುಡುಗಿಯನ್ನು ತಾಯಿ ನನ್ನಲ್ಲಿಗೆ ಕರೆತಂದಿದ್ದರು. ತಲೆಸುತ್ತು, ಕೂದಲು ಉದುರುವುದು, ಎರಡು ಮಹಡಿ ಹತ್ತಿದರೆ ಏದುಸಿರು. ಕಬ್ಬಿಣದ ಮಾತ್ರೆ ಎರಡು ತಿಂಗಳಿಂದ ನುಂಗುತ್ತಿದ್ದರೂ ರಕ್ತ ಏರಿರಲಿಲ್ಲ. ಬೆಳಿಗ್ಗೆ ಏನು ತಿನ್ನುತ್ತೀಯಮ್ಮಾ ಎಂದು ಕೇಳಿದಾಗ ತಿಳಿಯಿತು: ತಿಂಡಿ ಇಲ್ಲ, ತೂಕ ಇಳಿಸಲು ಒಂದು ಲೋಟ ಮಾಚಾ ಲಾಟೆ, ಮಾತ್ರೆಯೂ ಅದರ ಜೊತೆಗೇ. ಊಟವಾದ ಕೂಡಲೇ ಇನ್ನೊಂದು ಲೋಟ. ರಕ್ತ ಕಡಿಮೆಯಾಗಲು ಮಾಚಾ ಒಂದೇ ಕಾರಣ ಎನ್ನುವಂತಿಲ್ಲ, ಆಕೆಗೆ ಮುಟ್ಟಿನ ಸ್ರಾವವೂ ಹೆಚ್ಚಿತ್ತು. ಆದರೆ ಮಾತ್ರೆಗೆ ಕೆಲಸ ಮಾಡಲು ದಾರಿಯೇ ಇರಲಿಲ್ಲ. ಹಾಲಿನ ಕ್ಯಾಲ್ಸಿಯಂ ಕೂಡ ಕಬ್ಬಿಣಕ್ಕೆ ಅಡ್ಡ ಬರುತ್ತದೆ. ತಿಂಡಿ ಬಿಡಬಾರದು, ಮಾತ್ರೆಯನ್ನು ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಬೇಕು, ಮಾಚಾ ದಿನಕ್ಕೆ ಒಂದೇ ಲೋಟ, ಅದೂ ಮಾತ್ರೆಗೆ ಎರಡು ಗಂಟೆ ದೂರದಲ್ಲಿ ಎಂದು ಹೇಳಿ, ಸ್ರಾವಕ್ಕೆ ಸ್ತ್ರೀರೋಗ ತಜ್ಞೆಯ ಬಳಿ ಕಳಿಸಿದೆ.

ಹಾಗಾದರೆ ಯಾವ ಹೊತ್ತು ಒಳ್ಳೆಯದು? ಊಟ ತಿಂಡಿಯಿಂದ ಕನಿಷ್ಠ ಒಂದು ಗಂಟೆ ಅಂತರವಿರಲಿ. ಬರಿ ಹೊಟ್ಟೆಯಲ್ಲಿ ಕುಡಿದರೆ ಹಲವರಿಗೆ ವಾಕರಿಕೆ ಬರುತ್ತದೆ. ಬೆಳಿಗ್ಗೆ ಹನ್ನೊಂದರ ಹೊತ್ತು ಅಥವಾ ಅಸರ್ ನಮಾಝಿನ ಬಳಿಕ, ನಮ್ಮ ಮನೆಗಳಲ್ಲಿ ಹೇಗೂ ಚಹಾ ಕುಡಿಯುವ ಸಮಯ, ಸರಿಹೊಂದುತ್ತದೆ. 2 ಗ್ರಾಂ ಮಾಚಾದಲ್ಲಿ ಸುಮಾರು 40ರಿಂದ 90 ಮಿಲಿಗ್ರಾಂ ಕೆಫೀನ್ ಇರಬಹುದು. ಅದರ ಅರ್ಧ ಭಾಗ ದೇಹದಿಂದ ಹೋಗಲು ಐದು ಗಂಟೆಯಷ್ಟು ಬೇಕು. ನಿದ್ದೆ ಬಾರದ ಕಷ್ಟ ಇರುವವರು ಅಸರ್ ಬಳಿಕ ಮುಟ್ಟದಿರುವುದೇ ಲೇಸು. ಆರೋಗ್ಯಕ್ಕೆ ಅಗತ್ಯವಾದ ಆರು ಕಾರಣಗಳೆಂದು ಯುನಾನಿ ಹೇಳುವ 'ಅಸ್ಬಾಬೆ ಸಿತ್ತಾ ಝರೂರಿಯಾ'ದಲ್ಲಿ ನಿದ್ದೆ-ಎಚ್ಚರಕ್ಕೂ ಆಹಾರ-ಪಾನೀಯಕ್ಕೂ ಸಮಾನ ಸ್ಥಾನವಿದೆ. ಒಂದನ್ನು ಕೆಡಿಸಿ ಇನ್ನೊಂದರಿಂದ ಲಾಭ ಪಡೆಯಲಾಗದು.

ರಮಝಾನಿನಲ್ಲಿ ಸಹರಿಗೆ ಇದನ್ನು ಕುಡಿದರೆ ದಿನವಿಡೀ ಚುರುಕಾಗಿರಬಹುದೆಂದು ಯುವಕರು ಭಾವಿಸುತ್ತಾರೆ. ಸಹರಿಯ ಊಟದಲ್ಲಿನ ಕಬ್ಬಿಣ ವ್ಯರ್ಥವಾಗುತ್ತದೆ, ಫಜರ್ ಬಳಿಕದ ನಿದ್ದೆಯೂ ಹೋಗುತ್ತದೆ. ಇಫ್ತಾರಿನಲ್ಲಿ ಖರ್ಜೂರ, ನೀರು, ಊಟ ಆಗಿ ಒಂದು ಗಂಟೆ ಕಳೆದು, ಇಶಾಕ್ಕೆ ಮುಂಚೆ ಅರ್ಧ ಚಮಚ ಪುಡಿಯದ್ದಾದರೆ ಪರವಾಗಿಲ್ಲ. ತರಾವೀಹ್ ಮುಗಿಸಿ ಬಂದು ಬೇಡ.

ತೂಕದ ಬಗ್ಗೆ ಒಂದು ಮಾತು. ಹಸಿರು ಚಹಾದಿಂದ ಆಗುವ ಇಳಿಕೆ ತೀರಾ ಅಲ್ಪ. ಸಿರಪ್ ಸುರಿದ ಕೆಫೆಯ ಲಾಟೆ ಅದನ್ನೂ ಮುಚ್ಚಿಹಾಕುತ್ತದೆ. ಇನ್ನು ಹಸಿರು ಚಹಾದ ಸಾರವನ್ನು ತುಂಬಿ ಮಾರುವ ಕ್ಯಾಪ್ಸೂಲುಗಳೇ ಬೇರೆ. ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ಎಂಬ ಅಂಶ ಕೊಡುವ ಅಂಥ ಪೂರಕಗಳಿಂದ ಯಕೃತ್ತಿಗೆ ತೊಂದರೆಯಾಗಬಹುದೆಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ಅವುಗಳ ಹತ್ತಿರ ಹೋಗಬೇಡಿ.

ಗರ್ಭಿಣಿಯರು ಚಹಾ, ಕಾಫಿ, ಮಾಚಾ ಎಲ್ಲ ಸೇರಿ ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ದಾಟಬಾರದು. ರಕ್ತಹೀನತೆ ಇದ್ದರೆ ಹೆರಿಗೆಯವರೆಗೆ ಮಾಚಾ ಬಿಟ್ಟರೇ ಒಳ್ಳೆಯದು. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು, ಎಲೆಯಲ್ಲಿರುವ ವಿಟಮಿನ್ ಕೆ ಆ ಮಾತ್ರೆಗೆ ವಿರುದ್ಧವಾಗಿ ಕೆಲಸ ಮಾಡುತ್ತದೆ. ಚಿಕ್ಕ ಮಕ್ಕಳಿಗೆ ಬೇಡ, ಅವರು ಬಣ್ಣ ನೋಡಿ ಹಟ ಹಿಡಿದರೆ ಪಿಸ್ತಾ ಅರೆದ ಹಾಲು ಕೊಡಿ. ಡಬ್ಬಿ ತೆರೆದ ಮೇಲೆ ಗಾಳಿ, ಬೆಳಕು ತಾಗದಂತೆ ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಟ್ಟು ಒಂದೆರಡು ತಿಂಗಳಲ್ಲಿ ಮುಗಿಸಿ.